ಮದುವಣಗಿತ್ತಿಯ ಹೆಸರು

ಕಲ್ಯಾಣದ ಕತೆಯಲ್ಲಿ ಒಂದು ಮದುವೆ ಇದೆ. ಆ ಮದುವೆಯ ಗಂಡಸರ ಹೆಸರುಗಳನ್ನು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತವೆ. ಹುಡುಗನ ತಂದೆ ಸಮಗಾರ ಹರಳಯ್ಯ. ಹುಡುಗಿಯ ತಂದೆ ಬ್ರಾಹ್ಮಣ ಕುಲವನ್ನು ಬಿಟ್ಟು ಶರಣನಾದ ಮಧುವರಸ. ಹುಡುಗ ಶೀಲವಂತ. ಬೆನ್ನಿಗೆ ನಿಂತವರು ಬಸವಣ್ಣ, ಶಿಕ್ಷೆ ಕೊಟ್ಟವನು ಬಿಜ್ಜಳ. ಹುಡುಗಿಯ ಹೆಸರು ಕೇಳಿ ನೋಡಿ, ದೊಡ್ಡವರೂ ತಡವರಿಸುತ್ತಾರೆ. ಪುರಾಣ ಪ್ರವಚನಗಳಲ್ಲಿ ಅವಳು ಲಾವಣ್ಯ. ಗಿರೀಶ ಕಾರ್ನಾಡರು 1990ರಲ್ಲಿ ಬರೆದ ‘ತಲೆದಂಡ’ ನಾಟಕದಲ್ಲಿ ಅವಳೇ ಕಲಾವತಿ. ಒಂದು ರಾಜ್ಯವೇ ಕುಸಿದು ಬೀಳಲು ಕಾರಣವಾದ ಮದುವೆಯ ಮದುವಣಗಿತ್ತಿಗೆ ಎಂಟುನೂರೈವತ್ತು ವರ್ಷ ಕಳೆದರೂ ಒಂದು ಖಚಿತವಾದ ಹೆಸರಿಲ್ಲ.

ನಾನು ಹುಟ್ಟಿ ಬೆಳೆದದ್ದು ಅದೇ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ. ಹೆಸರು ಕೇಳಿದ ಪರಊರಿನವರೆಲ್ಲ ವಜ್ರದ ಮಾತೆತ್ತುತ್ತಾರೆ. ನಮ್ಮಲ್ಲಿ ಬೆಳೆಯುವುದು ತೊಗರಿ, ಜೋಳ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ದಖನಿ ಉರ್ದು, ಹೈದರಾಬಾದಿನ ನೆಂಟರಿಂದ ಒಂದಿಷ್ಟು ತೆಲುಗು. ಹೀಗಾಗಿ ಸಿನಿಮಾ ನೋಡುವುದಕ್ಕೆ ನಮಗೆ ಭಾಷೆ ಯಾವತ್ತೂ ಅಡ್ಡ ಬರಲಿಲ್ಲ. ಸಣ್ಣವಳಿದ್ದಾಗ ಪ್ರವಚನದಲ್ಲಿ ಈ ಮದುವೆಯ ಕತೆ ಕೇಳಿ ಬಂದು ನಮ್ಮ ಆಯಿಯನ್ನು, “ಆ ಪೋರಿ ಆಮ್ಯಾಲ ಏನಾದ್ಳು?” ಎಂದು ಕೇಳಿದ್ದೆ. “ಏನಾಗ್ತಾಳ, ಅತ್ತಿರಬೇಕು” ಎಂದಿದ್ದಳು ಆಯಿ. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಶರಣರ ಲೆಕ್ಕದಲ್ಲಿ ಅದು ಜಾತಿ ಮೀರಿದ ಮದುವೆಯೇ ಅಲ್ಲ. ಎರಡೂ ಮನೆಯವರು ಲಿಂಗ ಕಟ್ಟಿಕೊಂಡ ಮೇಲೆ ಜಾತಿ ಎಲ್ಲಿಯದು? ಊರಿನ ಲೆಕ್ಕ ಬೇರೆ. ಊರಿಗೆ ಕಂಡದ್ದು ಒಬ್ಬ ಬ್ರಾಹ್ಮಣನ ಮಗಳು ಸಮಗಾರನ ಮನೆಯ ಹೊಸ್ತಿಲು ದಾಟಿದ್ದು. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು ಎನ್ನುತ್ತದೆ ಪರಂಪರೆ. 1167ರಲ್ಲಿ ಬಿಜ್ಜಳನ ಕೊಲೆಯಾಯಿತು, ಶರಣರು ಚೆದುರಿದರು. ಇವತ್ತಿಗೂ ಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ, ಹೋದವರು ಕೈಮುಗಿದು ಬರುತ್ತಾರೆ. ಹರಳಯ್ಯನ ಹೆಂಡತಿ ಕಲ್ಯಾಣಮ್ಮನ ಹೆಸರೂ ಉಳಿದಿದೆ. ಗಂಡನ ಜೊತೆ ತಾನೂ ತೊಡೆಯ ಚರ್ಮ ಕೊಟ್ಟು ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದವಳೆಂದು ಉಳಿದಿದೆ. ಹೆಂಗಸಿನ ಹೆಸರು ಉಳಿಯಬೇಕಾದರೆ ಚರ್ಮವನ್ನೇ ಸುಲಿದು ಕೊಡಬೇಕೇನೋ ಎಂದು ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಸಿನಿಮಾದವರು ಈ ಕತೆಗೆ ಕೈಹಾಕದೆ ಬಿಡಲಿಲ್ಲ. 1959ರಲ್ಲಿ ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ ಬಂತು. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. 1983ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರ ‘ಕ್ರಾಂತಿಯೋಗಿ ಬಸವಣ್ಣ’ ಬಂತು, ಅದರಲ್ಲಿ ಅಶೋಕ್ ಬಸವಣ್ಣ. ಹೆಸರುಗಳೇ ಹೇಳುವಂತೆ ಇವು ಮಹಾಪುರುಷನ ಚಿತ್ರಗಳು. ಅದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಓದಲು ಬಾರದ ಎಷ್ಟೋ ಹೆಂಗಸರಿಗೆ ಬಸವಣ್ಣನವರ ಮುಖ ಸಿಕ್ಕಿದ್ದು ಕ್ಯಾಲೆಂಡರಿನಿಂದ ಮತ್ತು ಸಿನಿಮಾದಿಂದ. ಆದರೆ ಮಹಾಪುರುಷನ ಚಿತ್ರದಲ್ಲಿ ಅನ್ಯಾಯ ಎನ್ನುವುದು ಅವನು ಎದುರಿಸಿ ಗೆಲ್ಲಬೇಕಾದ ಒಂದು ಪ್ರಸಂಗ. ಅದನ್ನು ಮೈಮೇಲೆ ಹೊತ್ತವರ ಕಡೆಗೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುಂದಿನ ದೃಶ್ಯಕ್ಕೆ ಅವಸರ ಇರುತ್ತದೆ.

ನಿಂತು ನೋಡುವ ಚಿತ್ರಗಳು ನಮ್ಮಲ್ಲಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’ಯನ್ನು ಎಲ್ಲರೂ ಚೋಮನ ಚಿತ್ರವೆಂದೇ ನೆನೆಯುತ್ತಾರೆ. ವಾಸುದೇವರಾಯರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದದ್ದೇ. ತುಂಡು ಭೂಮಿಗಾಗಿ ಹಂಬಲಿಸಿ ಸೋತ ಹೊಲೆಯರ ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ. ನನ್ನ ಮನಸ್ಸಿನಲ್ಲಿ ಕೂತದ್ದು ಅವನ ಮಗಳು ಬೆಳ್ಳಿ. ತೋಟದ ಸಾಲ ತೀರಿಸಲು ದುಡಿಯಲು ಹೋದ ಬೆಳ್ಳಿ ಹಣ ಕೊಟ್ಟು ಸಾಲ ತೀರಿಸಲಿಲ್ಲ, ತನ್ನನ್ನೇ ತೆತ್ತಳು. ಅಪ್ಪನಿಗೆ ಅದು ತಿಳಿದಾಗ ಅವನ ಎದೆ ಒಡೆಯಿತು, ಚಿತ್ರ ಅವನ ಜೊತೆ ಹೋಯಿತು. ಮಾರನೆಯ ದಿನ ಬೆಳ್ಳಿ ಒಲೆ ಹಚ್ಚಿದಳೇ, ಎಲ್ಲಿಗೆ ಹೋದಳು ಎಂದು ಯೋಚಿಸುತ್ತಾ ನಾನು ರಾತ್ರಿಯೆಲ್ಲ ಹೊರಳಾಡಿದ್ದೆ.

ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಅಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ಅನಂತಮೂರ್ತಿಯವರ ಕತೆ, ಮಲೆನಾಡಿನ ಅಗ್ರಹಾರ, ಬಸಿರಾದ ಬಾಲವಿಧವೆ ಯಮುನಕ್ಕ. ಬಸಿರಿಗೆ ಕಾರಣನಾದ ಮೇಷ್ಟರು ಊರು ಬಿಟ್ಟು ಹೋಗುತ್ತಾನೆ, ಅಪ್ಪ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ದೊಡ್ಡವರಿಗೆ ಅವಳು ಸತ್ತಿದ್ದಾಳೆ, ಮಗುವಿಗೆ ಮಾತ್ರ ಇನ್ನೂ ಇದ್ದಾಳೆ. 2024ರಲ್ಲಿ ಈ ಚಿತ್ರದ ಹಳೆಯ ರೀಲುಗಳನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು 1983ರಲ್ಲಿ ತೆಗೆದ ‘ಫಣಿಯಮ್ಮ’ ಇದಕ್ಕೆ ಅಕ್ಕನೋ ತಂಗಿಯೋ ಆಗಬೇಕು. ಬರೆದವಳೂ ಹೆಂಗಸು, ಚಿತ್ರ ತೆಗೆದವಳೂ ಹೆಂಗಸು. ಅದಕ್ಕೇ ಇರಬೇಕು, ಅಲ್ಲಿ ಮುದುಕಿ ಫಣಿಯಮ್ಮ ಬರೀ ಅಳುವುದಿಲ್ಲ. ತಲೆ ಬೋಳಿಸಿಕೊಳ್ಳಲಾರೆ ಎನ್ನುವ ಎಳೆಯ ವಿಧವೆ ದಾಕ್ಷಾಯಣಿಯ ಪರವಾಗಿ ಮಾತಾಡುತ್ತಾಳೆ.

ಇವೆಲ್ಲ ಕರಾವಳಿಯ, ಮಲೆನಾಡಿನ ಕತೆಗಳಾದವು. ನಮ್ಮ ಬೀದರ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮನ ರಾಜ್ಯ. ಅಲ್ಲಿನ ಹೆಣ್ಣುಮಕ್ಕಳ ಪಾಡು ಹೇಗಿತ್ತೆಂದು ತೋರಿಸಿದ ಚಿತ್ರ ನನಗೆ ಸಿಕ್ಕಿದ್ದು ತೆಲುಗಿನಲ್ಲಿ: ಬಿ. ನರಸಿಂಗರಾವ್ ಅವರ ‘ದಾಸಿ’, 1988ರದು. ತೆಲಂಗಾಣದ ದೊರೆಗಳ ಮನೆಗೆ ಸೊಸೆ ಬರುವಾಗ ಪಾತ್ರೆ ಪಡಗದ ಜೊತೆ ಬಳುವಳಿಯಾಗಿ ಒಬ್ಬ ಹುಡುಗಿಯನ್ನೂ ಕೊಡುತ್ತಿದ್ದರು. ಅಂಥ ಒಬ್ಬಳು ನೀರು ಹೊರುತ್ತಾಳೆ, ಹಾಸಿಗೆ ಹಾಸುತ್ತಾಳೆ, ಕರೆದಾಗ ಹೋಗುತ್ತಾಳೆ. ಮಾತು ಬಹಳ ಕಡಿಮೆ. ಅರ್ಚನಾ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ನೋಡುತ್ತಾ ನಮ್ಮ ಕಡೆಯ ಹಳೇ ವಾಡೆಗಳ ಹಿಂಬಾಗಿಲುಗಳು ನನಗೆ ಬೇರೆ ರೀತಿ ಕಾಣತೊಡಗಿದವು.

1948ರ ಮಾತು ಬಂತಲ್ಲ. ಆ ವರ್ಷವನ್ನು ನಮ್ಮ ಊರುಗಳಲ್ಲಿ ಎರಡು ಹೆಸರಿನಿಂದ ಕರೆಯುತ್ತಾರೆ. ಹಿಂದೂಗಳ ಮನೆಯಲ್ಲಿ ಅದು ರಜಾಕಾರರ ಹಾವಳಿ. ಮುಸಲ್ಮಾನರ ಮನೆಯಲ್ಲಿ ಅದು ಪೊಲೀಸ್ ಆಕ್ಷನ್. ಮೊದಲನೆಯ ಹೆಸರಿನ ಹಿಂದೆ ಕಲ್ಯಾಣದ ಸಮೀಪದ ಗೋರಟಾ ಇದೆ. ಅಲ್ಲಿ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಊರಿಗೆ ಊರನ್ನೇ ನುಗ್ಗಿ ಕೊಂದರು. ಎರಡನೆಯ ಹೆಸರಿನ ಹಿಂದೆ ಸೆಪ್ಟೆಂಬರಿನಲ್ಲಿ ಸೈನ್ಯ ಬಂದು ನಿಜಾಮ ಶರಣಾದ ಮೇಲೆ ನಡೆದ ಸೇಡು ಇದೆ. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ತಂಡ, ಹೆಚ್ಚು ಕೆಟ್ಟ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು ಎಂದು ಬರೆಯಿತು. ರಾಜ್ಯದಲ್ಲೆಲ್ಲ ಸತ್ತವರು 27,000ದಿಂದ 40,000 ಇರಬಹುದೆಂದು ಅದರ ಅಂದಾಜು. ಹೆಂಗಸರ ಮೇಲಿನ ಅತ್ಯಾಚಾರ, ಅಪಹರಣ, ಹೆಣ ತುಂಬಿದ ಬಾವಿಗಳು ಎಲ್ಲವೂ ಆ ವರದಿಯಲ್ಲಿವೆ. ಅದು ಜನರ ಕೈಗೆ ಬಂದದ್ದು 2013ರ ಹೊತ್ತಿಗೆ, ಅರವತ್ತೈದು ವರ್ಷ ಕಳೆದ ಮೇಲೆ.

2024ರಲ್ಲಿ ತೆಲುಗಿನಲ್ಲಿ ‘ರಜಾಕಾರ್’ ಎಂಬ ಚಿತ್ರ ಬಂತು. ರಜಾಕಾರರ ಕ್ರೌರ್ಯ ಸುಳ್ಳಲ್ಲ, ಗೋರಟಾದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಂಥ ಚಿತ್ರಕ್ಕೆ ಎರಡು ಹೆಸರುಗಳಲ್ಲಿ ಒಂದೇ ಸಾಕಾಗುತ್ತದೆ. ಅತ್ಯಾಚಾರಕ್ಕೆ ಸಿಕ್ಕ ಹೆಂಗಸು ಅಲ್ಲಿ ಬರುವುದು ನೋಡುವವರ ರಕ್ತ ಕುದಿಸುವುದಕ್ಕಾಗಿ, ಕುದಿಸಿದ ಮೇಲೆ ಅವಳಿಗೆ ಕೆಲಸವಿಲ್ಲ. ನಮ್ಮ ಆಯಿ ಆ ವರ್ಷದ ಬಗ್ಗೆ ಕೇಳಿದರೆ ಯಾರು ಯಾರನ್ನು ಕೊಂದರೆಂದು ಹೇಳುತ್ತಿರಲಿಲ್ಲ. ಯಾವ ಬಾವಿಯ ನೀರನ್ನು ಎಷ್ಟು ದಿನ ಸೇದಲಿಲ್ಲ ಎಂದು ಹೇಳುತ್ತಿದ್ದಳು. ಬಾವಿಯೊಳಗಿನವರ ಜಾತಿ ಯಾವುದೆಂದು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಬಾವಿಯ ಕಟ್ಟೆಯ ಮೇಲೆ ಕೂತು ತೆಗೆದ ಚಿತ್ರವನ್ನು ನಾನು ಇನ್ನೂ ನೋಡಿಲ್ಲ.

ಕಲ್ಯಾಣದ ಮದುವಣಗಿತ್ತಿ ನನಗೆ ಕೊನೆಗೂ ತೆರೆಯ ಮೇಲೆ ಕಂಡದ್ದು ಮರಾಠಿಯಲ್ಲಿ. 2016ರ ಏಪ್ರಿಲ್ ಕೊನೆಗೆ ನಾಗರಾಜ ಮಂಜುಳೆಯವರ ‘ಸೈರಾಟ್’ ಬಿಡುಗಡೆಯಾಯಿತು. ಕತೆ ನಡೆಯುವುದು ಸೋಲಾಪುರ ಜಿಲ್ಲೆಯ ಕರಮಾಳೆಯ ಕಡೆ. ಹುಮನಾಬಾದಿನಿಂದ ನೆಟ್ಟಗೆ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯೇ ಸೋಲಾಪುರದ ಹೆದ್ದಾರಿ, ಆ ಹೊಲ, ಆ ಬಾವಿ, ಆ ಕಬ್ಬಿನ ಗದ್ದೆ ನಮ್ಮವೇ ಅನ್ನಿಸುತ್ತವೆ. ಪಾಟೀಲರ ಮಗಳು ಆರ್ಚಿ, ಮೀನು ಹಿಡಿಯುವವರ ಮಗ ಪರ್ಶ್ಯಾ. ಇಲ್ಲಿ ಹುಡುಗಿಗೆ ಹೆಸರಿದೆ, ಗಟ್ಟಿ ಗಂಟಲಿದೆ. ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಓಡಿಹೋಗುವ ದಿನ ಪಿಸ್ತೂಲನ್ನೂ ಹಿಡಿಯುತ್ತಾಳೆ. ಚಿತ್ರದ ‘ಝಿಂಗಾಟ್’ ಹಾಡಿಗೆ ನಮ್ಮ ಕಡೆಯ ಮದುವೆಗಳಲ್ಲಿ ಕುಣಿಯದವರಿಲ್ಲ. ಜಾತಿ, ಗೋತ್ರ, ಒಳಪಂಗಡ ಎಲ್ಲ ನೋಡಿ, ತೊಲ ಎಣಿಸಿ ಮಾಡಿದ ಮದುವೆಗಳಲ್ಲೇ ಆ ಹಾಡು!

ಬಿಜ್ಜಳನ ಕಾಲದಲ್ಲಿ ಶಿಕ್ಷೆ ಕೊಡಲು ಅರಸ ಬೇಕಾಗಿತ್ತು, ಆನೆ ಬೇಕಾಗಿತ್ತು. ಇಲ್ಲಿ ಅಣ್ಣ ಸಾಕು. ದೂರದ ಹೈದರಾಬಾದಿನಲ್ಲಿ ಇಬ್ಬರೂ ದುಡಿದು ಮನೆ ಮಾಡಿ, ಮಗುವಾದ ಮೇಲೆ ಆರ್ಚಿ ಒಂದು ದಿನ ಅವ್ವನಿಗೆ ಫೋನ್ ಮಾಡುತ್ತಾಳೆ. ಕೆಲವು ದಿನಗಳಲ್ಲಿ ಅಣ್ಣ ಮತ್ತು ಅವನ ಕಡೆಯವರು ಬಾಗಿಲಿಗೆ ಬರುತ್ತಾರೆ, ಕೈಯಲ್ಲಿ ತವರಿನ ಉಡುಗೊರೆ. ಆರ್ಚಿ ಚಹಾ ಮಾಡಿ ಕೊಡುತ್ತಾಳೆ. ಪಕ್ಕದ ಮನೆಯಾಕೆಯ ಜೊತೆ ಹೊರಗೆ ಹೋಗಿದ್ದ ಮಗು ಹಿಂದಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಿರ್ದೇಶಕ ಅಲ್ಲಿ ಸದ್ದನ್ನೆಲ್ಲ ತೆಗೆದುಬಿಟ್ಟಿದ್ದಾನೆ. ಮಗುವಿನ ಕೆಂಪು ಹೆಜ್ಜೆ ಗುರುತುಗಳು ಮಾತ್ರ ಹೊರಗೆ ನಡೆದು ಬರುತ್ತವೆ. 2017ರಲ್ಲಿ ಎಸ್. ನಾರಾಯಣ್ ಇದನ್ನೇ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಎಂದು ತೆಗೆದರು, ನಾಯಕಿ ಅದೇ ರಿಂಕೂ ರಾಜಗುರು.

ಮರಾಠಿ ಚಿತ್ರವನ್ನು ನಾನು ನೋಡಿದ್ದು ನಮ್ಮ ಮನೆತನದ ಹೆಂಗಸರ ಜೊತೆ. ವಾಪಸು ಬರುವಾಗ ಜೀಪಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಜಾತಿಯ ಬಗ್ಗೆ ಯಾರೂ ಒಂದು ಮಾತೂ ಎತ್ತಲಿಲ್ಲ. ಕೊನೆಗೆ ನಮ್ಮ ಕಾಕಿ, “ಆಕಿ ಅವ್ವಗ ಫೋನ್ ಮಾಡಬಾರದಿತ್ತು” ಎಂದಳು.

ಹಿಂದೆ ಕೂತಿದ್ದ ಕಾಕಿಯ ಸೊಸೆ, ಆಗಷ್ಟೇ ಮದುವೆಯಾಗಿ ಬಂದವಳು, ಕಿಡಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: “ಅವ್ವಗ ಫೋನ್ ಮಾಡದ ಹ್ಯಾಂಗ ಇರಬೇಕ್ರಿ ಅತ್ತಿ?”