ಶೇರ್ವಾನಿ: ಅಳತೆಯಲ್ಲಿ ಅಡಗಿದ ಚರಿತ್ರೆ

ಮದುವೆಯ ಹಂಗಾಮಿನಲ್ಲಿ ಶಹಾಪುರ, ಸುರಪುರದ ಬಟ್ಟೆ ಅಂಗಡಿಗಳಲ್ಲಿ ಜರಿಯ ಶೇರ್ವಾನಿಗಳು ತೂಗುತ್ತವೆ. ಶಿರವಾಳದಂಥ ಹಳ್ಳಿಯ ಮದುಮಗನಿಗೂ ಈಗ ಅದು ಬೇಕು. ಇದು ಬಹು ಪ್ರಾಚೀನ ರಾಜವೇಷವೆಂದು ಹಲವರು ತಿಳಿದಿದ್ದಾರೆ. ಒಂದು ಮತದವರ ಉಡುಪೆಂದು ಇನ್ನು ಕೆಲವರ ಎಣಿಕೆ. ಎರಡೂ ಸರಿಯಲ್ಲ.

ಮೊಗಲರ ಕಾಲದ ಜಾಮಾ, ಅಂಗರಖಾಗಳನ್ನು ಎದೆಯ ಪಕ್ಕದಲ್ಲಿ ದಾರದಿಂದ ಕಟ್ಟಿಕೊಳ್ಳುತ್ತಿದ್ದರು. 19ನೇ ಶತಮಾನದಲ್ಲಿ ಯುರೋಪಿನ ಉದ್ದ ಕೋಟಿನ ಪ್ರಭಾವ ಬಿದ್ದಿತು. ನಡು ಎದೆಗೆ ಗುಂಡಿಗಳ ಸಾಲು ಬಂದಿತು, ಹೆಗಲು ಮತ್ತು ತೋಳುಗಳ ಕತ್ತರಿಕೆ ಬಿಗಿಯಾಯಿತು. ನಮ್ಮ ಹಳೆಯ ಅಂಗಿಯೂ ಪರದೇಶದ ಕೋಟೂ ಕೂಡಿ ಹುಟ್ಟಿದ್ದೇ ಶೇರ್ವಾನಿ.

ಇದಕ್ಕೆ ದೊಡ್ಡ ಮನ್ನಣೆ ದೊರೆತದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಸುರಪುರದ ಸೀಮೆ 1860ರಲ್ಲಿ ನಿಜಾಮರ ಕೈಸೇರಿತು. 1948ರ ಸೆಪ್ಟೆಂಬರ್ 17ರವರೆಗೂ ಅಲ್ಲಿ ಅವರ ಆಡಳಿತವಿತ್ತು. ಆ ಸಂಸ್ಥಾನದ ಕಚೇರಿಗಳಲ್ಲಿ, ದರ್ಬಾರಿನಲ್ಲಿ ಶೇರ್ವಾನಿ ಗೌರವದ ಉಡುಪಾಗಿತ್ತು. ದರ್ಬಾರಿಗೆ ಹೋಗುವವರು ತಲೆಗೆ ದಸ್ತಾರ್, ನಡುವಿಗೆ ಬಗ್ಲೂಸ್ ಎಂಬ ಪಟ್ಟಿ ಧರಿಸುತ್ತಿದ್ದರು. ಎರಡು ಬಾರಿ ಪ್ರಧಾನಿಯಾಗಿದ್ದ ಮಹಾರಾಜ ಕಿಶನ್ ಪ್ರಸಾದ್ ಹಿಂದೂ. ಅವರದೂ ಇದೇ ಉಡುಪು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಶೇರ್ವಾನಿ ತೊಡುತ್ತಿದ್ದರು. ಅದು ಮತದ ಗುರುತಾಗಿರಲಿಲ್ಲ, ಹುದ್ದೆ ಮತ್ತು ಮರ್ಯಾದೆಯ ಗುರುತಾಗಿತ್ತು.

ಒಳ್ಳೆಯ ಶೇರ್ವಾನಿಗೆ ಎದೆಯ ಸುತ್ತಳತೆಯೊಂದೇ ಸಾಲದು. ಕತ್ತಿನ ಹಿಂಭಾಗದಿಂದ ಮೊಣಕಾಲಿನವರೆಗೆ ಉದ್ದ ಹಿಡಿಯಬೇಕು. ಆಗ ತೊಡುವವನು ಜೋಡು ಮೆಟ್ಟಿ ನೆಟ್ಟಗೆ ನಿಂತಿರಬೇಕು. ಹೊಟ್ಟೆ ಮುಂದೆ ಬಂದವನಿಗೆ ಮುಂಭಾಗದ ಉದ್ದ ತುಸು ಹೆಚ್ಚಿಡದಿದ್ದರೆ ಕೆಳ ಅಂಚು ಮೇಲೇಳುತ್ತದೆ. ಬೆನ್ನು ಬಾಗಿದವನಿಗೆ ಹಿಂಭಾಗ ಹೆಚ್ಚು ಬೇಕು. ಬಗಲು ಬಹಳ ಕೆಳಗಿಳಿದರೆ ಕೈಯೆತ್ತಿದಾಗ ಕೋಟೆಲ್ಲ ಎದ್ದುಬರುತ್ತದೆ. ನಿಂತ ಕಾಲರು ಕತ್ತನ್ನು ಒತ್ತಬಾರದು, ಸಡಿಲವಾಗಿ ಜೋಲಲೂಬಾರದು. ಹೆಗಲು ತಪ್ಪಿದರಂತೂ ಮುಂದೆ ತಿದ್ದುವುದು ಬಲು ಕಷ್ಟ. ಅದಕ್ಕೇ ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡುತ್ತಾನೆ.

ಮೇಲಂಗಿಯ ಉದ್ದವನ್ನು ಕೆಳಗಿನ ಉಡುಪು ತೀರ್ಮಾನಿಸುತ್ತದೆ. ಶೇರ್ವಾನಿಯ ಕೆಳಗೆ ಪೈಜಾಮ; ಆದ್ದರಿಂದ ಅದು ಮೊಣಕಾಲು ಮುಟ್ಟಬಹುದು. ಸ್ಕಾಟ್ಲೆಂಡಿನ ಗಂಡಸರು ತೊಡುವ ಕಿಲ್ಟ್ ನೆರಿಗೆಯ ಉಣ್ಣೆಯ ಉಡುಪು. ಅದನ್ನು ಸೊಂಟದ ಮೇಲ್ಭಾಗಕ್ಕೆ ಉಟ್ಟು, ಮುಂದೆ ಚರ್ಮದ ಚೀಲ ತೂಗುಬಿಡುತ್ತಾರೆ. ಉದ್ದ ಕೋಟು ಎರಡನ್ನೂ ಮುಚ್ಚೀತೆಂದು ಅವರ ಸಮಾರಂಭದ ಕೋಟನ್ನು ಗಿಡ್ಡವಾಗಿ ಕತ್ತರಿಸುತ್ತಾರೆ. ಅಲ್ಲಿಯೂ ಚರಿತ್ರೆ ಇಂಥದೇ. 1746ರ ಬಂಡಾಯದ ಸೋಲಿನ ನಂತರ ಬ್ರಿಟಿಷ್ ಸರ್ಕಾರ ಆ ಉಡುಪನ್ನು ನಿಷೇಧಿಸಿತು. 1782ರಲ್ಲಿ ನಿಷೇಧ ತೆಗೆಯಿತು. 1822ರಲ್ಲಿ ಎಡಿನ್‌ಬರೊಗೆ ಬಂದ ದೊರೆ ನಾಲ್ಕನೇ ಜಾರ್ಜ್ ತಾನೇ ಕಿಲ್ಟ್ ತೊಟ್ಟ. ಬಂಡಾಯಗಾರರ ಬಟ್ಟೆ ರಾಷ್ಟ್ರದ ಬಟ್ಟೆಯಾಯಿತು.

ಹೈದರಾಬಾದಿನಲ್ಲಿ ಆದದ್ದು ಇದಕ್ಕೆ ತಿರುವುಮುರುವು. 1948ರ ತರುವಾಯ ದರ್ಬಾರು ಹೋಯಿತು, ಅಧಿಕಾರದ ಉಡುಪು ಮದುವೆಯ ಉಡುಪಾಗಿ ಉಳಿಯಿತು. ಸಿದ್ಧ ಉಡುಪು ಬಂದು ಅಳತೆಯ ಕೆಲಸ ಕಡಿಮೆಯಾಗಿದೆ. ಅದರೊಂದಿಗೆ ಈ ಕೋಟನ್ನು ಯಾರು ಯಾರು ತೊಟ್ಟಿದ್ದರೆಂಬ ನೆನಪೂ ಮಾಸಿದರೆ, ಎಲ್ಲರೂ ಕೂಡಿ ಬಳಸಿದ ವಸ್ತುವೊಂದು ಒಬ್ಬರ ಪಾಲಿಗೆ ಹೋಗಿಬಿಡುತ್ತದೆ. ನಷ್ಟ ದರ್ಜಿಯೊಬ್ಬನದೇ ಅಲ್ಲ.