ಇಂಟರ್ನೆಟ್ ಸೇವಾ ಕಂಪನಿಗಳು ಮತ್ತು ಗ್ರಾಹಕರ ಖಾಸಗಿ ಮಾಹಿತಿ

ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಗಳ ಬಳಿ ಗ್ರಾಹಕರ ಬಗ್ಗೆ ಸೇರುವ ಮಾಹಿತಿ, ಅದರ ಬಳಕೆ, ಅದರ ರಕ್ಷಣೆಗೆ ಬಂದ ಕಾನೂನುಗಳು ಈ ಲೇಖನದ ವಿಷಯ. ಭಾರತದಲ್ಲಿ ಇದರ ಇತಿಹಾಸ 1995ರಲ್ಲಿ ಆರಂಭವಾಗುತ್ತದೆ. ಮುಖ್ಯ ಪ್ರಸಂಗಗಳಲ್ಲಿ ಹಲವು ಕರ್ನಾಟಕದಲ್ಲಿ ನಡೆದವು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿನ ಅರ್ಜಿದಾರರೂ ಕರ್ನಾಟಕದವರೇ.

ಕಂಪನಿಯ ಬಳಿ ಇರುವ ಮಾಹಿತಿ

ಇದರಲ್ಲಿ ಎರಡು ಬಗೆ. ಮೊದಲನೆಯದು ಗ್ರಾಹಕರು ತಾವೇ ಕೊಡುವುದು: ಹೆಸರು, ವಿಳಾಸ, ಫೋಟೊ, ಆಧಾರ್ ಅಥವಾ ಬೇರೆ ಗುರುತಿನ ದಾಖಲೆ, ಹಣ ಕಟ್ಟಿದ ವಿವರ. ಎರಡನೆಯದು ಬಳಸುತ್ತಿರುವಾಗ ತಾನಾಗಿ ದಾಖಲಾಗುವುದು: ಯಾವ ಹೊತ್ತಿನಲ್ಲಿ ಯಾವ ಐಪಿ ವಿಳಾಸ (ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸಿಕ್ಕಿತ್ತು, ಯಾವ ತಾಣಕ್ಕೆ ಸಂಪರ್ಕ ಹೋಯಿತು, ಎಷ್ಟು ಡೇಟಾ ಖರ್ಚಾಯಿತು. ಮೊಬೈಲ್ ಆದರೆ ಯಾವ ಟವರಿನ ವ್ಯಾಪ್ತಿಯಲ್ಲಿದ್ದರು ಎಂಬುದೂ ಸೇರುತ್ತದೆ. ಇಂದು ಬಹುತೇಕ ತಾಣಗಳು ಗೂಢಲಿಪಿಯಲ್ಲಿ ವ್ಯವಹರಿಸುವುದರಿಂದ ಪುಟದಲ್ಲಿ ಓದಿದ್ದು, ಬರೆದದ್ದು ಕಂಪನಿಗೆ ಕಾಣದು. ಆದರೆ ತಾಣದ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಆಸ್ಪತ್ರೆ, ಸಾಲ ಕೊಡುವ ಆ್ಯಪ್, ಮದುವೆ ಸಂಬಂಧ ಕೂಡಿಸುವ ತಾಣ ಇವುಗಳ ಹೆಸರಷ್ಟೇ ತಿಳಿದರೂ ಒಂದು ಮನೆಯ ಬದುಕು ಸಾಕಷ್ಟು ಬಯಲಾಗುತ್ತದೆ.

ಹಿನ್ನೆಲೆ: ದೂರವಾಣಿಯ ಕಾಲ

ಸಂದೇಶಗಳ ಮೇಲೆ ಸರ್ಕಾರ ಕಣ್ಣಿಡುವ ಅಧಿಕಾರ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯಿಂದ ಬಂದದ್ದು. ಅದರ 5(2)ನೇ ಕಲಮು ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣಕ್ಕೆ ಸಂದೇಶಗಳನ್ನು ತಡೆದು ನೋಡಲು ಅವಕಾಶ ಕೊಟ್ಟಿತ್ತು. ಕರ್ನಾಟಕದಲ್ಲಿ ಇದು ರಾಜಕೀಯ ಬಿರುಗಾಳಿಯಾದದ್ದು 1988ರಲ್ಲಿ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆ ವರ್ಷ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. 1996ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಫೋನಿನ ಮಾತುಕತೆ ಖಾಸಗಿತನದ ಭಾಗವೆಂದಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಸಮಿತಿಯೊಂದು ಮರುಪರಿಶೀಲಿಸಬೇಕು ಎಂದು ಕಟ್ಟುಪಾಡು ಹಾಕಿತು.

ಇಂಟರ್ನೆಟ್ ಬಂದ ಮೇಲೆ

ವಿದೇಶ್ ಸಂಚಾರ್ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿತು. 1998ರ ನವೆಂಬರ್‌ವರೆಗೆ ಸಾರ್ವಜನಿಕ ಸೇವೆ ಸರ್ಕಾರಿ ಸಂಸ್ಥೆಯ ಕೈಯಲ್ಲೇ ಇತ್ತು. ಬಳಿಕ ಖಾಸಗಿ ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಪರವಾನಗಿಯ ಷರತ್ತುಗಳು ಗ್ರಾಹಕರ ಗುಟ್ಟು ಕಾಯಬೇಕೆಂದವು. ಜತೆಗೆ ಸರ್ಕಾರಿ ಸಂಸ್ಥೆಗಳು ಕೇಳಿದಾಗ ನಿಗಾ ಇಡಲು ಅನುಕೂಲ ಮಾಡಿಕೊಡಬೇಕೆಂದೂ ಹೇಳಿದವು.

2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಆಗ ಸೈಬರ್ ಸೆಂಟರೇ ಇಂಟರ್ನೆಟ್. ಅಲ್ಲಿಗೆ ಬರುವವರ ಗುರುತನ್ನು ದಾಖಲಿಸಬೇಕೆಂದು ಕರ್ನಾಟಕ ಸರ್ಕಾರ 2004ರಲ್ಲಿ ನಿಯಮ ಮಾಡಿತು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್ ತನ್ನ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ ಮೇಲೆ ಫೋನ್ ತಂತಿ ಇದ್ದ ಊರುಗಳಿಗೆ ದಿನವಿಡೀ ಸಂಪರ್ಕ ಸಾಧ್ಯವಾಗತೊಡಗಿತು. ಹಾಗೆಯೇ ದಾಖಲೆಯೂ ದಿನವಿಡೀ ಬೆಳೆಯತೊಡಗಿತು.

2007: ತಪ್ಪು ವಿಳಾಸ, ತಪ್ಪು ಬಂಧನ

ಕಂಪನಿಯ ದಾಖಲೆಯಲ್ಲಿ ಆಗುವ ಒಂದು ತಪ್ಪು ಏನು ಮಾಡಬಲ್ಲದು ಎಂಬುದು 2007ರಲ್ಲಿ ಬೆಂಗಳೂರಿನಲ್ಲಿ ಗೊತ್ತಾಯಿತು. ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಗೆ ಅವಮಾನ ಮಾಡಿದ ಚಿತ್ರ ಹಾಕಿದವರನ್ನು ಪುಣೆ ಪೊಲೀಸರು ಹುಡುಕುತ್ತಿದ್ದರು. ಐಪಿ ವಿಳಾಸ ಸಿಕ್ಕಿತು. ಅದನ್ನು ಬಳಸಿದವರು ಯಾರೆಂದು ಏರ್‌ಟೆಲ್ ಕಂಪನಿಯನ್ನು ಕೇಳಿದರು. ಬಂದ ವಿವರ ತಪ್ಪಾಗಿತ್ತು. ಆ ಚಿತ್ರದೊಂದಿಗೆ ಯಾವ ಸಂಬಂಧವೂ ಇಲ್ಲದ ಬೆಂಗಳೂರಿನ ಯುವ ತಂತ್ರಜ್ಞರೊಬ್ಬರು ಆಗಸ್ಟ್ ಕೊನೆಯಲ್ಲಿ ಬಂಧಿತರಾಗಿ ಸುಮಾರು 50 ದಿನ ಜೈಲಿನಲ್ಲಿ ಕಳೆದರು.

ಸಾಮಾನ್ಯ ಸಂಪರ್ಕಗಳಲ್ಲಿ ಐಪಿ ವಿಳಾಸ ಒಬ್ಬರ ಬಳಿಯೇ ಉಳಿಯುವುದಿಲ್ಲ. ಬೆಳಿಗ್ಗೆ ಒಬ್ಬರಿಗೆ ಸಿಕ್ಕಿದ್ದು ಸಂಜೆ ಮತ್ತೊಬ್ಬರಿಗೆ ಹೋಗಬಹುದು. ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ಅನೇಕರು ಹಂಚಿಕೊಳ್ಳುತ್ತಾರೆ. ಆದ್ದರಿಂದ ನಿಖರವಾದ ಸಮಯ ಮತ್ತು ತಾಂತ್ರಿಕ ವಿವರ ಇಲ್ಲದೆ ಐಪಿ ವಿಳಾಸವನ್ನು ವ್ಯಕ್ತಿಯ ಗುರುತೆಂದು ಹಿಡಿಯುವುದು ಅಪಾಯ. ಮಾಹಿತಿ ಗುಟ್ಟಾಗಿರಬೇಕಾದಷ್ಟೇ ಸರಿಯಾಗಿಯೂ ಇರಬೇಕು. ಈ ಎರಡನೆಯ ಹೊಣೆಯನ್ನು ಖಾಸಗಿತನದ ಚರ್ಚೆ ಈಗಲೂ ಸಾಕಷ್ಟು ಗಮನಿಸಿಲ್ಲ.

ಕಾನೂನಿನ ಮೊದಲ ತಡೆಗಳು

2009ರ ಅಕ್ಟೋಬರ್ 27ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಜಾರಿಯಾಯಿತು. ಸೂಕ್ಷ್ಮ ಮಾಹಿತಿ ಕಾಯುವಲ್ಲಿ ಕಂಪನಿಯ ಅಲಕ್ಷ್ಯದಿಂದ ನಷ್ಟವಾದವರಿಗೆ 43ಎ ಕಲಮು ಪರಿಹಾರದ ದಾರಿ ತೆರೆಯಿತು. ಒಪ್ಪಂದ ಮುರಿದು, ಕೇಡು ಮಾಡುವ ಉದ್ದೇಶದಿಂದ ಗ್ರಾಹಕರ ಮಾಹಿತಿ ಬಯಲು ಮಾಡಿದವರಿಗೆ 72ಎ ಕಲಮಿನಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ನಿಗದಿಯಾಯಿತು. ಇದೇ ತಿದ್ದುಪಡಿಯ 69ನೇ ಕಲಮು ಸರ್ಕಾರದ ನಿಗಾ ಅಧಿಕಾರವನ್ನು ಇಂಟರ್ನೆಟ್‌ಗೂ ವಿಸ್ತಾರವಾಗಿ ಚಾಚಿತು. 2011ರ ಏಪ್ರಿಲ್‌ನಲ್ಲಿ ಸೂಕ್ಷ್ಮ ಮಾಹಿತಿಯ ನಿಯಮಗಳು ಬಂದವು.

2015: ಓದುಗರ ಪುಟದೊಳಗೆ ಕಂಪನಿ

2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ತಮ್ಮ ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತೆರೆದ ಜಾಲಪುಟಗಳೊಳಗೆ ಮೂಲದಲ್ಲಿ ಇಲ್ಲದ ಸಂಕೇತದ ಸಾಲುಗಳು ಸೇರಿಕೊಂಡಿರುವುದನ್ನು ಕಂಡು, ಸಾಕ್ಷ್ಯವನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್‌ನಲ್ಲಿ ಇಟ್ಟರು. ಆ ಸಾಲುಗಳನ್ನು ಸೇರಿಸಿದ ತಂತ್ರಾಂಶ ಇಸ್ರೇಲ್ ಮೂಲದ ಫ್ಲ್ಯಾಷ್ ನೆಟ್‌ವರ್ಕ್ಸ್ ಕಂಪನಿಯದು. ಕೃತಿಸ್ವಾಮ್ಯದ ಹೆಸರಿನಲ್ಲಿ ಆ ಕಂಪನಿ ಅವರಿಗೇ ಕಾನೂನು ನೋಟಿಸ್ ಕಳಿಸಿತು. ಗಿಟ್‌ಹಬ್‌ನಿಂದ ಸಾಕ್ಷ್ಯವನ್ನೂ ತೆಗೆಸಲಾಯಿತು. ಗ್ರಾಹಕರು ಎಷ್ಟು ಡೇಟಾ ಬಳಸಿದರೆಂದು ತಿಳಿಸುವುದಕ್ಕಾಗಿ ಹೀಗೆ ಮಾಡಿದ್ದು ಎಂದು ಏರ್‌ಟೆಲ್ ವಿವರಣೆ ಕೊಟ್ಟಿತು. ಉದ್ದೇಶ ಏನೇ ಇರಲಿ, ಗ್ರಾಹಕರನ್ನು ಕೇಳದೆ ಅವರು ಓದುವ ಪುಟವನ್ನು ತಿದ್ದುವುದು ಅಂಚೆಯವನು ಕಾಗದ ಒಡೆದು ನಡುವೆ ತನ್ನದೊಂದು ಸಾಲು ಬರೆದು ಮತ್ತೆ ಅಂಟಿಸಿದಂತೆಯೇ ಸರಿ.

ಆಧಾರ್ ಮತ್ತು ಸಿಮ್

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಇಂಟರ್ನೆಟ್ ಹಳ್ಳಿಹಳ್ಳಿಗೆ ಅಗ್ಗವಾಗಿ ಹರಡಿತು. ಬೆರಳಚ್ಚು ಕೊಟ್ಟರೆ ಅಂಗಡಿಯಲ್ಲೇ ಸಿಮ್ ಸಿಗತೊಡಗಿತು. ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಮುಕ್ಕುಂದ ಮತ್ತು ಮಸ್ಕಿ, ಲಿಂಗಸುಗೂರು ಸುತ್ತಿನ ಹಳ್ಳಿಗಳಂಥ ಕಡೆ ಇಂಟರ್ನೆಟ್ ಎಂದರೆ ಹೆಚ್ಚಾಗಿ ಮೊಬೈಲೇ. ಅಲ್ಲಿ ಗ್ರಾಹಕರಿಗೆ ಕಾಣುವುದು ಕಂಪನಿಯಲ್ಲ, ಸಿಮ್ ಮಾರುವ ಅಂಗಡಿ. ಕೊಟ್ಟ ಬೆರಳಚ್ಚು, ಆಧಾರ್ ಜೆರಾಕ್ಸ್ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವ ದಾರಿಯೇ ಅವರಿಗಿರಲಿಲ್ಲ.

ಇದರ ದುಷ್ಪರಿಣಾಮ 2017ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂತು. ಸಿಮ್ ಪರಿಶೀಲನೆಗೆಂದು ಆಧಾರ್ ಕೊಟ್ಟವರ ಹೆಸರಿನಲ್ಲಿ ಅವರಿಗೆ ತಿಳಿಯದೆಯೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳು ತೆರೆದಿದ್ದವು. ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೆ ಹೋಗಿತ್ತು. ಆಧಾರ್ ಪ್ರಾಧಿಕಾರ ಆ ಕಂಪನಿಯ ಆಧಾರ್ ಪರಿಶೀಲನೆಯ ಅನುಮತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಖಾಸಗಿ ಕಂಪನಿಗಳು ಆಧಾರ್ ಕೇಳಲು ಆಧಾರವಾಗಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಅವಕಾಶವನ್ನು ರದ್ದುಪಡಿಸಿತು. 2019ರ ತಿದ್ದುಪಡಿ ಗ್ರಾಹಕರು ಇಚ್ಛೆಯಿಂದ ಕೊಡುವುದಕ್ಕೆ ಮತ್ತೆ ದಾರಿ ಮಾಡಿತು.

ಪುಟ್ಟಸ್ವಾಮಿ ತೀರ್ಪು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. ಸಂವಿಧಾನದಲ್ಲಿ ಖಾಸಗಿತನದ ಮೂಲಭೂತ ಹಕ್ಕೇ ಇಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿ, ಖಾಸಗಿತನ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ದಕ್ಷಿಣ ಕನ್ನಡದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಳ್ಳಿಯ ಮೊಬೈಲ್ ಗ್ರಾಹಕರಿಗೂ ಇಂದು ಈ ಹಕ್ಕು ಇದೆಯೆಂದರೆ ಅದರಲ್ಲಿ ಅವರ ಹಟದ ಪಾಲು ದೊಡ್ಡದು.

2023ರ ಕಾಯ್ದೆ

ಬೆಂಗಳೂರಿನಲ್ಲಿ ಹುಟ್ಟಿದ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ಜುಲೈನಲ್ಲಿ ಮಾಹಿತಿ ರಕ್ಷಣೆಯ ಕರಡು ಕೊಟ್ಟಿತು. ಅದರ ಬೆನ್ನಿಗೆ ಬಂದ 2019ರ ಮಸೂದೆಯನ್ನು ಸರ್ಕಾರ 2022ರಲ್ಲಿ ಹಿಂದಕ್ಕೆ ಪಡೆಯಿತು. ಈ ನಡುವೆ ದಾಖಲೆ ಇಡುವ ಕಟ್ಟಳೆಗಳು ಬಿಗಿಯಾದವು: 2021ರ ಡಿಸೆಂಬರ್‌ನಲ್ಲಿ ಕರೆ ಮತ್ತು ಇಂಟರ್ನೆಟ್ ಬಳಕೆಯ ದಾಖಲೆಗಳನ್ನು ಕಂಪನಿಗಳು ಒಂದರ ಬದಲು ಎರಡು ವರ್ಷ ಉಳಿಸಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ ಹೇಳಿತು.

ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವಿದೆ. ಮಾಹಿತಿ ಸೋರಿದರೆ ಕಂಪನಿ ಗ್ರಾಹಕರಿಗೆ ತಿಳಿಸಬೇಕು. ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಕಾಯ್ದೆ ಪೂರ್ತಿ ಜಾರಿಯಾದಾಗ ನೊಂದವರಿಗೆ ಪರಿಹಾರ ಕೊಡಿಸುತ್ತಿದ್ದ 43ಎ ಕಲಮು ಇಲ್ಲವಾಗುತ್ತದೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ವಿಶಾಲ ಅಧಿಕಾರವೂ ಕಾಯ್ದೆಯಲ್ಲಿದೆ. ಇವೆರಡೂ ಅದರ ದೊಡ್ಡ ಕೊರತೆಗಳು.

ಗ್ರಾಹಕರ ಕೈಗೆ ಬಂದ ಒಂದು ಹೊಸ ಅವಕಾಶವನ್ನು ಮಾತ್ರ ಮರೆಯಬಾರದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಈ ಕಾಯ್ದೆ ಕೊಟ್ಟಿದೆ. ಅದು ಜಾರಿಗೆ ಬಂದ ದಿನದಿಂದ ಮುಕ್ಕುಂದದ ಗ್ರಾಹಕರೂ ಮೈಸೂರಿನ ಗ್ರಾಹಕರೂ ಆ ಸೂಚನೆಯನ್ನು ಕನ್ನಡದಲ್ಲೇ ಕೇಳಿ ಪಡೆಯಬೇಕು, ಓದಿ ತಿಳಿದ ಮೇಲೆಯೇ ಒಪ್ಪಿಗೆ ಕೊಡಬೇಕು.