ಬಿಜಾಪುರದ ಚಿಲುಮೆಯಿಂದ ಇ-ಸಿಗರೇಟಿನವರೆಗೆ

ಕ್ರಿ.ಶ. 1604ರ ಸುಮಾರಿಗೆ, ಆದಿಲಶಾಹಿಗಳ ರಾಜಧಾನಿಯಾದ ಬಿಜಾಪುರದಲ್ಲಿ ರಾಯಭಾರದ ಕಾರ್ಯವನ್ನು ಮುಗಿಸಿ ಆಗ್ರಾಕ್ಕೆ ಹಿಂದಿರುಗಿದ ಅಸದ್ ಬೇಗನು, ಬಿಜಾಪುರದಲ್ಲಿ ತಾನು ಮೊದಲಬಾರಿಗೆ ಕಂಡ ತಂಬಾಕನ್ನು ರತ್ನಖಚಿತವಾದ ಸೇದುಕೊಳವೆಯೊಡನೆ ಮೊಗಲ್ ಚಕ್ರವರ್ತಿ ಅಕ್ಬರನ ಸನ್ನಿಧಿಯಲ್ಲಿ ಕಾಣಿಕೆಯಾಗಿ ಇರಿಸಿದನು. ಕುತೂಹಲಗೊಂಡ ಚಕ್ರವರ್ತಿಯು ಎರಡು ಮೂರು ಬಾರಿ ಸೇದುವಷ್ಟರಲ್ಲಿ ಆಸ್ಥಾನದ ಹಕೀಮನು ತಡೆದು, ನಮ್ಮ ವೈದ್ಯರು ಪರೀಕ್ಷಿಸದ ವಸ್ತುವನ್ನು ಪ್ರಭುಗಳು ಸೇವಿಸುವುದು ಯುಕ್ತವಲ್ಲವೆಂದನು. ಯುರೋಪಿನ ಜ್ಞಾನಿಗಳು ಅದರ ಗುಣವನ್ನು ಬಲ್ಲರೆಂದು ಅಸದ್ ಬೇಗನು ವಾದಿಸಿದನು. ಅಕ್ಬರನು ಆ ಅಭ್ಯಾಸಕ್ಕೆ ಒಳಗಾಗಲಿಲ್ಲ; ಆದರೆ ಅಮೀರರು ಅದನ್ನು ಕೈಕೊಂಡರು, ವರ್ತಕರು ಮಾರಿದರು, 1617ರಲ್ಲಿ ಅಕ್ಬರನ ಮಗ ಜಹಾಂಗೀರನು ಹೊರಡಿಸಿದ ನಿಷೇಧಾಜ್ಞೆಯೂ ವ್ಯರ್ಥವಾಯಿತು.

ಅಂದಿನಿಂದ ಇಂದಿನವರೆಗಿನ ಧೂಮಪಾನದ ಚರಿತ್ರೆಯೆಂದರೆ, ಪಾತ್ರೆ ಬದಲಾದಾಗಲೆಲ್ಲ ವಿಷವು ಕಳೆಯಿತೆಂದು ಮನುಷ್ಯನು ನಂಬುತ್ತ ಬಂದ ಚರಿತ್ರೆಯೇ ಆಗಿದೆ. ಗುಡುಗುಡಿಯ ನೀರು ಹೊಗೆಯನ್ನು ಶುದ್ಧಿಗೊಳಿಸುವುದೆಂದು ಒಂದು ಕಾಲದವರು ನಂಬಿದರು. ಸಿಗರೇಟಿನ ತುದಿಯ ಫಿಲ್ಟರು ಕಾಯುವುದೆಂದು ಮತ್ತೊಂದು ಕಾಲದವರು ನಂಬಿದರು. 1940ರಲ್ಲಿಯೇ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಧೂಮಪಾನಕ್ಕೂ ಹೃದಯದ ರಕ್ತನಾಳಗಳ ರೋಗಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದ್ದರೂ ಆ ನಂಬಿಕೆ ಅಳಿಯಲಿಲ್ಲ. ಹೊಗೆರಹಿತ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟನು 1965ರಲ್ಲಿ ಪೇಟೆಂಟು ಪಡೆದನು. ಸ್ವತಃ ಧೂಮಪಾನಿಯಾಗಿದ್ದ ಚೀನದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ರೂಪಿಸಿದ ಇ-ಸಿಗರೇಟೆಂಬ ಸಾಧನವು ಕೆಲವೇ ವರ್ಷಗಳಲ್ಲಿ ಜಗತ್ತಿನ ಮಾರುಕಟ್ಟೆಗಳನ್ನು ವ್ಯಾಪಿಸಿತು.

ಈ ಸಾಧನದಲ್ಲಿ ಎಲೆ ಉರಿಯುವುದಿಲ್ಲವಾದ್ದರಿಂದ ಟಾರು ಹಾಗೂ ಇಂಗಾಲದ ಮಾನಾಕ್ಸೈಡು ಬಹುಮಟ್ಟಿಗೆ ಇಲ್ಲವೆಂಬುದು ನಿಜ. ಆದರೆ ಬ್ಯಾಟರಿಯ ಶಾಖದಿಂದ ತುಂತುರಾಗಿ ಶ್ವಾಸಕೋಶವನ್ನು ಸೇರುವ ದ್ರವದಲ್ಲಿ ಸಾಮಾನ್ಯವಾಗಿ ಅದೇ ನಿಕೋಟಿನ್ ಇರುತ್ತದೆ. ಅದು ಅಡ್ರಿನಲಿನ್ನಿನ ಸ್ರಾವವನ್ನು ಪ್ರಚೋದಿಸಿ, ನಾಡಿಯ ವೇಗವನ್ನೂ ರಕ್ತದ ಒತ್ತಡವನ್ನೂ ಏರಿಸಿ, ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹೀಗೆ ಹೃದಯಕ್ಕೆ ಹೆಚ್ಚು ರಕ್ತವು ಬೇಕಾದ ಗಳಿಗೆಯಲ್ಲಿಯೇ ಅದು ಸಾಗುವ ಹಾದಿಯು ಕಿರಿದಾಗುತ್ತದೆ.

ಕರ್ನಾಟಕ ಸರ್ಕಾರವು 2016ರಲ್ಲಿಯೂ, ಕೇಂದ್ರ ಸರ್ಕಾರವು 2019ರಲ್ಲಿಯೂ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿದವು. ಮೊದಲ ಅಪರಾಧಕ್ಕೇ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕೇಂದ್ರದ ಕಾಯಿದೆಯಲ್ಲಿ ಅವಕಾಶವುಂಟು. ಆದರೆ ರಾಜಾಜ್ಞೆಯೊಂದರಿಂದಲೇ ದುರಭ್ಯಾಸವು ನಿಲ್ಲದೆಂಬುದಕ್ಕೆ ಜಹಾಂಗೀರನ ಕಾಲವೇ ಸಾಕ್ಷಿ. ಆದಕಾರಣ ತರುಣರು ದ್ರವಕ್ಕೆ ಬೆರೆಸುವ ಹಣ್ಣಿನ ಪರಿಮಳಕ್ಕೆ ಮರುಳಾಗಿ ಇ-ಸಿಗರೇಟನ್ನು ಮುಟ್ಟದಿರಲಿ. ಈಗಾಗಲೇ ವಶರಾದವರು ಸಂಕೋಚವನ್ನು ತೊರೆದು ವೈದ್ಯರ ನೆರವಿನಿಂದ ಬಿಡುಗಡೆಯನ್ನು ಪಡೆಯಲಿ.